ಗಂಟರ್ಸ್‌ವಿಲ್ ಹಿನ್ನೀರು: ಮುಳುಗಿದ ನೆಲವನ್ನು ಪರದೆಯಲ್ಲಿ ಓದುತ್ತಾ ಒಂದು ದೋಣಿಯಾನ

ಅಮೆರಿಕದ ಅಲಬಾಮ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಹಂಟ್ಸ್‌ವಿಲ್‌ನಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದಷ್ಟು ದೂರದಲ್ಲಿ, ಟೆನೆಸ್ಸಿ ನದಿ ಅಗಲವಾಗಿ ಹರಡಿಕೊಂಡಿದೆ. 1935ರಲ್ಲಿ ಶುರುವಾದ ಅಣೆಕಟ್ಟು 1939ರಲ್ಲಿ ಮುಗಿದ ಮೇಲೆ ನಿಂತ ನೀರಿದು. ವಿಸ್ತಾರ ಸುಮಾರು 69,100 ಎಕರೆ, ಉದ್ದ 75 ಮೈಲಿ. ಅಲಬಾಮದಲ್ಲಿ ಇದಕ್ಕಿಂತ ದೊಡ್ಡ ಜಲಾಶಯವಿಲ್ಲ. ಲಾರ್ಜ್‌ಮೌತ್ ಬಾಸ್ ಎಂಬ ಮೀನಿಗೆ ಗಾಳ ಹಾಕುವವರಿಗೆ ಗಂಟರ್ಸ್‌ವಿಲ್ ಎಂದರೆ ಯಾತ್ರಾಸ್ಥಳ.

ನಮ್ಮ ಲಿಂಗನಮಕ್ಕಿಯಲ್ಲಿ ಬೇಸಿಗೆ ಬಂದು ನೀರು ಇಳಿದರೆ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೈದೋರುತ್ತದೆ. ಎಲ್ಲಿ ದಿಬ್ಬ, ಎಲ್ಲಿ ಹಳ್ಳ ಎಂದು ಕಣ್ಣಾರೆ ಕಂಡು ನೆನಪಿಟ್ಟುಕೊಳ್ಳಬಹುದು. ಗಂಟರ್ಸ್‌ವಿಲ್‌ನಲ್ಲಿ ಆ ಅವಕಾಶವೇ ಇಲ್ಲ. ಸರಕು ಹೊರುವ ಬಾರ್ಜ್‌ಗಳು ವರ್ಷವಿಡೀ ಓಡಾಡಬೇಕಾದ್ದರಿಂದ ಅಣೆಕಟ್ಟು ನಡೆಸುವ ಸರ್ಕಾರಿ ಸಂಸ್ಥೆ ಟೆನೆಸ್ಸಿ ವ್ಯಾಲಿ ಅಥಾರಿಟಿ ನೀರಿನ ಮಟ್ಟವನ್ನು ಸಮುದ್ರಮಟ್ಟದಿಂದ 593 ಮತ್ತು 595 ಅಡಿಗಳ ನಡುವೆ ಹಿಡಿದಿಡುತ್ತದೆ. ಚಳಿಗಾಲಕ್ಕೂ ಬೇಸಿಗೆಗೂ ಇರುವ ಅಂತರ ಎರಡೇ ಅಡಿ. ಹಳೆಯ ನದಿಪಾತ್ರ, ಅದಕ್ಕೆ ಸೇರುತ್ತಿದ್ದ ತೊರೆಗಳು, ರಸ್ತೆಯ ಏರಿಗಳು ಎಲ್ಲವೂ ನೀರಡಿ ಹೋಗಿ ಎಂಟು ದಶಕ ದಾಟಿತು, ಮತ್ತೆ ಮೇಲೆ ಬಂದದ್ದಿಲ್ಲ. ಇಲ್ಲಿನ ಗಾಳಗಾರರು ದೋಣಿಯ ಮೇಲೆ ನಕಾಶೆಯ ಮತ್ತು ಸೋನಾರಿನ (ಶಬ್ದ ಕಳಿಸಿ ಮರುದನಿಯಿಂದ ನೀರಡಿಯನ್ನು ತೋರಿಸುವ ಉಪಕರಣದ) ಮೂರು ನಾಲ್ಕು ಪರದೆ ಹೊತ್ತು ತಿರುಗುವುದಕ್ಕೆ ಮೊದಲ ಕಾರಣ ಇದೇ. ಅವರು ಹುಡುಕುವುದು ಮೊದಲು ನೆಲವನ್ನು, ಆಮೇಲೆ ಮೀನನ್ನು.

ಪ್ರಯಾಣಕ್ಕೆ ಜೂನ್ ತಿಂಗಳು ಒಳ್ಳೆಯದು. ಮೊಟ್ಟೆಯಿಟ್ಟು ಮುಗಿಸಿದ ಬಾಸ್‌ಗಳಲ್ಲಿ ಬಹುಪಾಲು ಅಂಚಿನ ನೀರು ಬಿಟ್ಟು ಮುಖ್ಯ ಪಾತ್ರದ ಕಡೆಗೆ ಸರಿದಿರುತ್ತವೆ. ಹೊರಡುವುದು ಸ್ಕಾಟ್ಸ್‌ಬರೊ ಊರಿನ ಗೂಸ್ ಪಾಂಡ್ ಇಳಿದಾಣದಿಂದ, ಸೇರಬೇಕಾದ್ದು ಸುಮಾರು 30 ಮೈಲಿ ಕೆಳಗಿನ ಅಣೆಕಟ್ಟಿನ ಕಡೆ. ಹೊರರಾಜ್ಯದವರಿಗೆ ಏಳು ದಿನದ ಮೀನುಗಾರಿಕೆ ಪರವಾನಗಿ ಸಿಗುತ್ತದೆ. ಈ ನೀರಿನಲ್ಲಿ 15 ಇಂಚಿಗಿಂತ ಗಿಡ್ಡನೆಯ ಲಾರ್ಜ್‌ಮೌತ್ ಸಿಕ್ಕರೆ ವಾಪಸು ಬಿಡಲೇಬೇಕು. ಸಮಯ ಉಳಿದರೆ ಮೇಲ್ಭಾಗಕ್ಕೂ ಒಂದು ಸುತ್ತು ಹೋಗಬಹುದು. ಅಲ್ಲಿ ಹಾಲಿವುಡ್ ಎಂಬ ಪುಟ್ಟ ಊರಿನ ಪಕ್ಕ ಬೆಲಫಾಂಟ್ ಅಣುಸ್ಥಾವರದ ಎರಡು ಬೃಹತ್ ಕೂಲಿಂಗ್ ಟವರ್‌ಗಳು ನಿಂತಿವೆ. 1970ರ ದಶಕದಲ್ಲಿ ಕೆಲಸ ಆರಂಭವಾದರೂ ಆ ಸ್ಥಾವರ ಒಂದು ಯೂನಿಟ್ ವಿದ್ಯುತ್ತನ್ನೂ ಕೊಟ್ಟಿಲ್ಲ.

ಇಳಿದಾಣದಲ್ಲಿ ದೋಣಿ ನೀರಿಗಿಳಿಸುವ ಮುನ್ನವೇ ಅರ್ಧ ಕೆಲಸ ಮುಗಿಯಬೇಕು. 12 ಇಂಚಿನ ಎರಡು ಪರದೆ, ಮೀನಿನ ಚಲನೆಯನ್ನು ಆ ಕ್ಷಣದಲ್ಲೇ ತೋರಿಸುವ ಲೈವ್ ಸೋನಾರಿನ ಕಪ್ಪು ಪೆಟ್ಟಿಗೆ ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಹತ್ತು ಗಂಟೆಯ ದಿನಕ್ಕೆ 100 ಆಂಪಿಯರ್-ಗಂಟೆಯ ಲೀಥಿಯಂ ಬ್ಯಾಟರಿಯೊಂದು ಇವಕ್ಕೆಂದೇ ಪ್ರತ್ಯೇಕವಾಗಿರಬೇಕು. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೇ ಎಲ್ಲವನ್ನೂ ಜೋಡಿಸಿದರೆ ಆಗುವುದು ಇಷ್ಟು: ಕೀಲಿ ತಿರುಗಿಸಿದ ಕ್ಷಣ ವೋಲ್ಟೇಜ್ ಕುಸಿದು ಪರದೆ ಆರಿ ಮತ್ತೆ ಹತ್ತಿಕೊಳ್ಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಚಿತ್ರ ಮಂಕಾಗುತ್ತದೆ, ಸಂಜೆ ಎಂಜಿನ್ನೇ ಏಳದಿರಬಹುದು. ತಂತಿ ದಪ್ಪನೆಯದು ಬೇಕು, 10 ಗೇಜ್ ಆದರೆ ಸರಿ. ದೋಣಿಯನ್ನು ಮೆಲ್ಲಗೆ ನಡೆಸುವ ಮುಂಭಾಗದ ಟ್ರೋಲಿಂಗ್ ಮೋಟಾರಿನ ತಂತಿಯ ಜೊತೆಗೇ ಸೋನಾರ್ ತಂತಿಯನ್ನೂ ಕಟ್ಟಿಬಿಡುವುದು ಸಾಮಾನ್ಯ ತಪ್ಪು. ಮೋಟಾರ್ ಓಡಿದಾಗಲೆಲ್ಲ ಪರದೆಯ ತುಂಬ ಚುಕ್ಕಿ, ಗೆರೆ. ಉಪಕರಣ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವ ಪೈಕಿ ಎಷ್ಟೋ ಪ್ರಕರಣಗಳಲ್ಲಿ ಕೆಟ್ಟಿರುವುದು ವೈರಿಂಗ್ ಮಾತ್ರ.

ಗೂಸ್ ಪಾಂಡ್ ಬಿಟ್ಟು ಮುಖ್ಯ ಪಾತ್ರಕ್ಕೆ ಬಂದರೆ ಕಣ್ಣಿಗೆ ಕಾಣುವುದು ಒಂದೇ ಸಮನೆಯ ಹಸಿರು ಮಿಶ್ರಿತ ನೀರು. ನಕಾಶೆಯ ಪರದೆ ಬೇರೆಯೇ ಕಥೆ ಹೇಳುತ್ತದೆ. ಒಂದೊಂದು ಅಡಿಗೂ ಗೆರೆ ಎಳೆದ ಆಳದ ನಕಾಶೆಯಲ್ಲಿ, ಹತ್ತು ಹನ್ನೆರಡು ಅಡಿ ಆಳದ ಬಯಲು ಇದ್ದಕ್ಕಿದ್ದಂತೆ ಇಪ್ಪತ್ತೈದು ಮೂವತ್ತು ಅಡಿಗೆ ಜಾರುವ ಅಂಚು ಕಾಣುತ್ತದೆ. ಅದೇ ಹಳೆಯ ನದಿಯ ದಡ. ಗಾಳಗಾರರು ಇದನ್ನು ಲೆಡ್ಜ್ ಎನ್ನುತ್ತಾರೆ. ಮೈಲಿಗಟ್ಟಲೆ ಹರಿದಿರುವ ಈ ಅಂಚಿನಲ್ಲಿ ಮೀನು ನಿಲ್ಲುವುದು ಕೆಲವೇ ಕಡೆ: ದಡ ಬಾಗಿದಲ್ಲಿ, ಹಳೆಯ ತೊರೆ ಬಂದು ಸೇರಿದಲ್ಲಿ, ಸಿಂಪಿಯ ಹಾಸು ಇರುವಲ್ಲಿ. ನಕಾಶೆ ಬಾಗನ್ನು ತೋರಿಸೀತು, ಸಿಂಪಿಯನ್ನು ತೋರಿಸದು. ಅದಕ್ಕೆ ಸೈಡ್ ಇಮೇಜಿಂಗ್ ಬೇಕು.

ಹಮ್ಮಿನ್‌ಬರ್ಡ್ ಕಂಪನಿ ಇದನ್ನು 2005ರಲ್ಲಿ ಗಾಳಗಾರರ ಕೈಗಿಟ್ಟಿತು. ಆ ಕಂಪನಿಯ ಮನೆಯೂ ಅಲಬಾಮದಲ್ಲೇ, ದಕ್ಷಿಣದ ಯುಫಾಲಾದಲ್ಲಿ. ದೋಣಿಯ ಹಿಂಬದಿಗೆ ಕೂರಿಸಿದ ಟ್ರಾನ್ಸ್‌ಡ್ಯೂಸರ್ ಎಡಕ್ಕೂ ಬಲಕ್ಕೂ ತೆಳುವಾದ ಶಬ್ದದ ಹಾಳೆಗಳನ್ನು ಬೀಸುತ್ತದೆ. ಮರಳಿ ಬಂದ ಸದ್ದು ಸಾಲುಸಾಲಾಗಿ ಸೇರಿ ಚಿತ್ರವಾಗುತ್ತದೆ. ಗಂಟೆಗೆ 4ರಿಂದ 6 ಮೈಲಿ ವೇಗ, ಪ್ರತಿ ಬದಿಗೂ 70 ಅಡಿ ಆಸುಪಾಸಿನ ವ್ಯಾಪ್ತಿ, ದಾರಿ ನೇರ. ಈ ಮೂರನ್ನು ಪಾಲಿಸಿದರೆ ಚಿತ್ರ ಚೊಕ್ಕ. ತಿರುವು ತೆಗೆದುಕೊಂಡರೆ ಒಳಬದಿಯ ವಸ್ತುಗಳು ಎಳೆದಂತೆ, ಹೊರಬದಿಯವು ಹಿಸುಕಿದಂತೆ ಕಾಣುತ್ತವೆ. ಆ ಭಾಗವನ್ನು ನಂಬಬಾರದು. ವ್ಯಾಪ್ತಿಯನ್ನು 150 ಅಡಿಗೆ ಹಿಗ್ಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಆಗ ಮೀನು ಪರದೆಯಲ್ಲಿ ಧೂಳಿನ ಕಣವಾಗಿಬಿಡುತ್ತದೆ. ಟ್ರಾನ್ಸ್‌ಡ್ಯೂಸರ್‌ಗೆ ಎಂಜಿನ್ನಿನ ಕೆಳಭಾಗ ಅಡ್ಡ ಬಂದರೆ ಒಂದು ಬದಿ ಸದಾ ಕುರುಡು.

ನೋಡಬೇಕಾದ್ದು ಹೊಳಪು ಮತ್ತು ನೆರಳು. ಗಟ್ಟಿ ನೆಲ, ಅಂದರೆ ಸಿಂಪಿ, ಜಲ್ಲಿ, ಬಂಡೆ, ಹೊಳೆಯುತ್ತದೆ, ಕೆಸರು ಮಂಕು. ಬಾಸ್‌ಗಳ ಗುಂಪು ಬಿಳಿ ಅಕ್ಕಿಕಾಳು ಚೆಲ್ಲಿದಂತೆ ಕಾಣಿಸುತ್ತದೆ, ಪ್ರತಿ ಕಾಳಿಗೂ ಒಂದು ಕಪ್ಪು ನೆರಳು. ಕಾಳಿಗೆ ಅಂಟಿಕೊಂಡೇ ನೆರಳಿದ್ದರೆ ಮೀನು ತಳದಲ್ಲಿದೆ, ನೆರಳು ದೂರ ಬಿದ್ದಿದ್ದರೆ ಮೀನು ತೇಲಿ ನಿಂತಿದೆ. ಕರ್ಸರನ್ನು ಆ ಕಾಳಿನ ಮೇಲೆ ಒಯ್ದು ಗುರುತು ಒತ್ತಿದರೆ ಜಿಪಿಎಸ್ ಸ್ಥಾನ ಉಳಿಯುತ್ತದೆ. ಪರದೆ ತೋರಿಸುವುದು ಈಗಾಗಲೇ ದಾಟಿ ಬಂದ ನೀರು ಎಂಬುದನ್ನು ಮರೆಯಬಾರದು. ದಿಕ್ಸೂಚಿ ಸೆನ್ಸರ್ ಇಲ್ಲದ ದೋಣಿಯಲ್ಲಿ, ಗಾಳಿಗೆ ಮೂತಿ ಒಂದು ಕಡೆ, ಚಲನೆ ಇನ್ನೊಂದು ಕಡೆ ಆದಾಗ ಈ ಗುರುತು ಹತ್ತಿಪ್ಪತ್ತು ಅಡಿ ತಪ್ಪುತ್ತದೆ. ಅದಕ್ಕೇ ಅನುಭವಿಗಳು ಒಂದೇ ಜಾಗವನ್ನು ಎದುರುಬದುರು ಎರಡು ದಿಕ್ಕಿನಿಂದ ಹಾಯ್ದು, ಎರಡು ಗುರುತುಗಳ ನಡುವೆ ಗಾಳ ಬೀಸುತ್ತಾರೆ.

ಕಂಡದ್ದೆಲ್ಲ ಬಾಸ್ ಅಲ್ಲ. ಇದೇ ಸಿಂಪಿಹಾಸಿನ ಮೇಲೆ ಡ್ರಮ್ ಎಂಬ ಮೀನೂ ಬೆಕ್ಕುಮೀನೂ ಗುಂಪಾಗಿ ಮೇಯುತ್ತವೆ, ಪರದೆಯಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ. ಹತ್ತು ಹದಿನೈದು ಬಾರಿ ಬೀಸಿದರೂ ಡ್ರಮ್ಮೇ ಬಂದರೆ ಆ ಗುರುತನ್ನು ಅಳಿಸಿ ಮುಂದೆ ಹೋಗುವುದೇ ವಾಸಿ.

ಕೆಳಮುಖ ಸೋನಾರಿನ ವಂಶ ಹಳೆಯದು. ಮೀನುಗಳು ಎಲ್ಲಿ ಸೇರುತ್ತವೆಂದು ನೀರಿನಲ್ಲಿ ಮುಳುಗಿ ನೋಡುತ್ತಿದ್ದ ಕಾರ್ಲ್ ಲೋರೆನ್ಸ್ ಮತ್ತು ಮಕ್ಕಳು 1957ರಲ್ಲಿ ಹವ್ಯಾಸಿ ಗಾಳಗಾರರಿಗೆಂದು ಸೋನಾರ್ ತಯಾರಿಸಿದರು. ಇವತ್ತಿಗೂ ದೋಣಿ ಅಂಚಿನ ಮೇಲೆ ನಿಂತಾಗ ಉತ್ತರ ಕೊಡುವುದು ಆ ವಂಶದ ಪರದೆಯೇ. 20 ಡಿಗ್ರಿ ಕೋನದ ಶಂಕು 20 ಅಡಿ ಆಳದಲ್ಲಿ ತಳದ ಮೇಲೆ ಆವರಿಸುವುದು ಸುಮಾರು 7 ಅಡಿ ಅಗಲ ಮಾತ್ರ. ಆಳ 5 ಅಡಿಗಿಳಿದರೆ ಎರಡು ಅಡಿಯೂ ಸಿಗದು. ಹಾಗಾಗಿ ದಡದ ಬಳಿಯ ಕಡಿಮೆ ಆಳದ ನೀರಿನಲ್ಲಿ ಕೆಳಮುಖ ಸೋನಾರ್ ನೋಡುತ್ತ ಕೂರುವುದು ಬ್ಯಾಟರಿ ದಂಡ. ಪರದೆಯಲ್ಲಿ ಮೀನು ಮೂಡಿಸುವ ಕಮಾನು ದೊಡ್ಡದಿದ್ದರೆ ಮೀನೂ ದೊಡ್ಡದು ಎಂದುಕೊಳ್ಳುವುದು ಇನ್ನೊಂದು ತಪ್ಪು. ಶಂಕುವಿನ ಅಂಚಿನಲ್ಲಿ ಮೀನು ದೂರ, ನಡುವೆ ಹತ್ತಿರ, ಮತ್ತೆ ಅಂಚಿಗೆ ಹೋದಾಗ ದೂರ. ಕಮಾನು ಹುಟ್ಟುವುದು ಹಾಗೆ. ನಿಂತ ದೋಣಿಯಡಿ ಸುಮ್ಮನೆ ನಿಂತ ಪುಟ್ಟ ಮೀನೂ ಪರದೆಯುದ್ದದ ಗೆರೆ ಎಳೆಯುತ್ತದೆ. ಮೀನಿನ ಬೊಂಬೆ ತೋರಿಸುವ ಸೌಲಭ್ಯವನ್ನು ಮೊದಲ ದಿನವೇ ಆರಿಸಿಬಿಡಬೇಕು. ಅದು ಎಲೆಕಡ್ಡಿಗೂ ಬೊಂಬೆ ಬರೆಯುತ್ತದೆ.

ಯಾವ ಪರದೆಯೂ ಹೇಳದ ಒಂದು ಸಂಗತಿ ಇದೆ. ಅಣೆಕಟ್ಟಿನಲ್ಲಿ ಟರ್ಬೈನ್ ತಿರುಗಿದರೆ ಹಿನ್ನೀರಿಗೆ ಸೆಳೆತ ಬರುತ್ತದೆ. ಆಗ ಬಾಸ್ ತಿನ್ನುವ ಶಾಡ್ ಎಂಬ ಮೀನಿನ ಮರಿಗಳು ಅಂಚಿಗೆ ಒತ್ತಿಕೊಳ್ಳುತ್ತವೆ, ಬಾಸ್‌ಗಳು ಸೆಳೆತಕ್ಕೆ ಎದುರಾಗಿ ಸಾಲುಗಟ್ಟಿ ಮೇಯುತ್ತವೆ. ಟರ್ಬೈನ್ ನಿಂತರೆ ಅದೇ ಮೀನುಗಳು ಚದುರಿ ತೇಲಿಕೊಂಡು ಬಾಯಿ ಮುಚ್ಚಿಬಿಡುತ್ತವೆ. ಎಷ್ಟು ನೀರು ಬಿಡಲಾಗುತ್ತಿದೆ ಎಂಬ ಲೆಕ್ಕ ಅಥಾರಿಟಿಯ ಆ್ಯಪ್‌ನಲ್ಲಿ ಸಿಗುತ್ತದೆ. ಬೆಳಿಗ್ಗೆ ಮೀನು ಕಂಡೂ ಕಚ್ಚದ ಜಾಗಕ್ಕೆ ನೀರು ಬಿಟ್ಟ ಮೇಲೆ ಮರಳಿ ಹೋಗುವುದು ಈ ಹಿನ್ನೀರಿನ ಹಳೆಯ ಉಪಾಯ.

ಸೌತ್ ಸಾಟಿ ತೊರೆ ದಾಟಿ ಕೆಳಗಿಳಿಯುವಾಗ, ತೇಲಿ ನಿಂತ ಮೀನುಗಳಿಗೆ ಲೈವ್ ಸೋನಾರ್. ಗಾರ್ಮಿನ್ 2018ರಲ್ಲಿ ಲೈವ್‌ಸ್ಕೋಪ್ ತಂದ ಮೇಲೆ ಈ ಆಟದ ಸ್ವರೂಪವೇ ಬದಲಾಯಿತು. ಮುಂದಿನ ನೀರಿನಲ್ಲಿ ಮೀನು ಈಜುವುದು, ಗಾಳದ ನಕಲಿ ಮೀನು ಇಳಿಯುವುದು, ಒಂದು ಇನ್ನೊಂದರ ಹಿಂದೆ ಬರುವುದು ಎಲ್ಲ ಆ ಕ್ಷಣದಲ್ಲೇ ಕಾಣುತ್ತದೆ. ಆದರೆ ಶಬ್ದದ ಹಾಳೆಯ ಅಗಲ 20 ಡಿಗ್ರಿ ಮಾತ್ರ: 40 ಅಡಿ ದೂರದಲ್ಲಿ 14 ಅಡಿ, 10 ಅಡಿಯಲ್ಲಿ ಮೂರೂವರೆ. ಗಾಳಿ ದೋಣಿಯ ಮೂತಿಯನ್ನು ಚೂರು ತಿರುಗಿಸಿದರೂ ನಕಲಿ ಮೀನು ಮಾಯ. ಬೀಸಿದ್ದು ತಪ್ಪಿತೋ, ಹಾಳೆ ಸರಿಯಿತೋ ಎಂದು ತಿಳಿಯದೆ ಹೊಸಬರು ಕಂಗಾಲಾಗುತ್ತಾರೆ. ಮೊದಲು ಖಾಲಿ ನೀರಿನಲ್ಲಿ 40 ಅಡಿಗೆ ಬೀಸಿ, ಅದು ಪರದೆಯಲ್ಲಿ ಕಾಣುವವರೆಗೆ ಲೈವ್ ಸೋನಾರ್ ಕೂರಿಸಿದ ಕಂಬ ತಿರುಗಿಸಿ ರೂಢಿ ಮಾಡಿಕೊಳ್ಳಬೇಕು. ಪಕ್ಕದ ದೋಣಿಯಲ್ಲೂ ಅಂಥದೇ ಉಪಕರಣ ಓಡುತ್ತಿದ್ದರೆ ಎರಡೂ ಪರದೆಗಳಲ್ಲಿ ಅಡ್ಡಗೆರೆ ಬೀಳುತ್ತದೆ. ದೂರ ಸರಿಯುವುದೇ ದಾರಿ.

ಇದು ಅತಿಯಾಯಿತೆಂಬ ಜಗಳ ಅಲ್ಲಿ ಜೋರಾಗಿದೆ. ಬಾಸ್ ಸ್ಪರ್ಧೆಗಳನ್ನು ನಡೆಸುವ ಮೇಜರ್ ಲೀಗ್ ಫಿಶಿಂಗ್ 2025ರಲ್ಲಿ ತನ್ನ ಬಾಸ್ ಪ್ರೊ ಟೂರ್‌ನಲ್ಲಿ ದಿನದ ಮೂರು ಅವಧಿಗಳ ಪೈಕಿ ಒಂದರಲ್ಲಿ ಮಾತ್ರ ಇದಕ್ಕೆ ಅನುಮತಿ ಕೊಟ್ಟಿತು. ಗಂಟರ್ಸ್‌ವಿಲ್ ಮಟ್ಟಿಗೆ ಹೇಳುವುದಾದರೆ ಲೈವ್ ಸೋನಾರಿಗೆ ಸಿಕ್ಕ ಹೆಸರು ಅದರ ಕೆಲಸಕ್ಕಿಂತ ದೊಡ್ಡದು. ಒಂದೇ ಉಪಕರಣಕ್ಕೆ ಹಣವಿದ್ದರೆ ಇಲ್ಲಿ ಸೈಡ್ ಇಮೇಜಿಂಗ್ ಕೊಳ್ಳುವುದು ಜಾಣತನ. 2011ರ ಅಕ್ಟೋಬರಿನಲ್ಲಿ ಪಾಲ್ ಎಲಿಯಾಸ್ ಇಲ್ಲಿನ ಸ್ಪರ್ಧೆಯಲ್ಲಿ ನಾಲ್ಕು ದಿನಕ್ಕೆ 20 ಮೀನು, 102 ಪೌಂಡಿಗೂ ಹೆಚ್ಚು ತೂಗಿಸಿದಾಗ ಲೈವ್ ಸೋನಾರ್ ಹುಟ್ಟಿರಲೇ ಇಲ್ಲ. ಅವರ ಕೈಯಲ್ಲಿದ್ದದ್ದು ಐದು ನಕಲಿ ಮೀನುಗಳನ್ನು ಕೊಡೆಯಂತೆ ಹರಡುವ ಅಲಬಾಮ ರಿಗ್.

ಇನ್ನು ಹುಲ್ಲು. ಹೈಡ್ರಿಲ್ಲಾ, ಮಿಲ್‌ಫಾಯಿಲ್ ಜೊಂಡುಗಳು ಬೇಸಿಗೆ ಮುಗಿಯುವ ಹೊತ್ತಿಗೆ ಎಕರೆಗಟ್ಟಲೆ ನೀರಿನ ಮೇಲೆ ಚಾಪೆ ಹಾಸಿರುತ್ತವೆ. ಅಲ್ಲಿ ಸೋನಾರಿನ ಸದ್ದು ಎಲೆಗಳಿಗೆ ಬಡಿದು ಅಲ್ಲೇ ಮರಳುತ್ತದೆ, ಹುಲ್ಲಿನ ತುದಿಯನ್ನೇ ತಳವೆಂದು ತೋರಿಸುವುದೂ ಉಂಟು. ಪರದೆ ಆರಿಸಿ ಕಿವಿ ಕೊಡುವ ಜಾಗ ಅದು. ಚಾಪೆಯಡಿ ಬ್ಲೂಗಿಲ್ ಮೀನುಗಳು ಹುಳು ಹೀರುವ ಚಟಪಟ ಸದ್ದು ಕೇಳಿದ ಕಡೆ ರಬ್ಬರ್ ಕಪ್ಪೆ ಎಸೆಯುತ್ತಾರೆ. ಸೋನಾರ್ ಉಪಯೋಗಕ್ಕೆ ಬರುವುದು ಹುಲ್ಲಿನ ಹೊರ ಅಂಚಿನಲ್ಲಿ ಮಾತ್ರ: ಯಾವ ಆಳಕ್ಕೆ ಹುಲ್ಲು ನಿಂತಿದೆ ಎಂದು ಒಂದು ಕಡೆ ಗೊತ್ತಾದರೆ, ಅದೇ ತೊರೆಯ ಉಳಿದ ದಡದಲ್ಲೂ ಹೆಚ್ಚುಕಡಿಮೆ ಅದೇ ಆಳ.

ಗಂಟರ್ಸ್‌ವಿಲ್ ಪಟ್ಟಣ ಬಂದಂತೆ ತೊರೆಗಳ ಬಾಯಿಗೆ ಅಡ್ಡವಾಗಿ ಕಲ್ಲು ಹೊದಿಸಿದ ರಸ್ತೆ ಏರಿಗಳು, ನಡುವೆ ಸೇತುವೆಯ ಕಿಂಡಿ. ಬಾಸ್ ಹಿಡಿಯುವವರ ದೊಡ್ಡ ಸ್ಪರ್ಧೆಯಾದ 2014ರ ಬಾಸ್‌ಮಾಸ್ಟರ್ ಕ್ಲಾಸಿಕ್‌ನ ಕೊನೆಯ ದಿನ ಹನ್ನೊಂದನೇ ಸ್ಥಾನದಲ್ಲಿದ್ದ ರಾಂಡಿ ಹೊವೆಲ್ ಸ್ಪ್ರಿಂಗ್ ಕ್ರೀಕ್ ಸೇತುವೆಯ ಕಲ್ಲುಗಳ ಬಳಿ 29 ಪೌಂಡಿಗೂ ಹೆಚ್ಚು ಹಿಡಿದು ಗೆದ್ದರು. 2020ರಲ್ಲಿ ಗೆದ್ದ ಹ್ಯಾಂಕ್ ಚೆರ್ರಿಗೂ ಬ್ರೌನ್ಸ್ ಕ್ರೀಕ್‌ನ ಏರಿಯೇ ಒದಗಿತು. ಎರಡೂ ಚಳಿ ಬಿಡುವ ಹೊತ್ತಿನ ಸ್ಪರ್ಧೆಗಳು, ಮೀನು ತೊರೆಯೊಳಗೆ ನುಗ್ಗುವ ಕಾಲ. ದಾರಿಯಿಂದಲೇ ಕಾಣುವ ಈ ಏರಿಗಳಲ್ಲಿ ಪರದೆಯ ಕೆಲಸ ಸಣ್ಣದು: ಕಲ್ಲು ಎಲ್ಲಿಗೆ ಮುಗಿದು ಕೆಸರು ಶುರುವಾಗುತ್ತದೆ ಎಂದು ನೋಡುವುದು, ಕುಸಿದು ಮುಂದೆ ಬಿದ್ದ ಬಂಡೆಗಳನ್ನು ಗುರುತಿಸುವುದು.

ದೋಣಿಯನ್ನು ಟ್ರೇಲರಿಗೇರಿಸುವ ಮುನ್ನ ಗುರುತುಗಳನ್ನೆಲ್ಲ ಮೆಮೊರಿ ಕಾರ್ಡಿಗೆ ಇಳಿಸಿಕೊಳ್ಳಬೇಕು. ಲೈವ್ ಸೋನಾರಿನ ಕಂಬವನ್ನು ಮೇಲೆತ್ತಿ ಪಟ್ಟಿ ಬಿಗಿಯಬೇಕು. ಇಳಿದಾಣದ ಕಾಂಕ್ರೀಟಿಗೆ ತಗುಲಿದರೆ ಸಾವಿರ ಡಾಲರಿಗೂ ಮೀರಿದ ಟ್ರಾನ್ಸ್‌ಡ್ಯೂಸರ್ ಒಂದೇ ಏಟಿಗೆ ಹೋಗುತ್ತದೆ. ಟ್ರೇಲರಿನ ಅಚ್ಚಿಗೆ ಸುತ್ತಿಕೊಂಡ ಹೈಡ್ರಿಲ್ಲಾವನ್ನು ಅಲ್ಲೇ ಕಿತ್ತು ಒಣನೆಲಕ್ಕೆ ಎಸೆಯಿರಿ. ಒಂದು ತುಂಡು ಸಾಕು, ಮುಂದಿನ ಕೆರೆಯಲ್ಲಿ ಅದು ಬೇರು ಬಿಡುತ್ತದೆ.