ಕಬ್ಬಿನ ಟ್ರ್ಯಾಕ್ಟರು ಮತ್ತು ನುಂಗಿದ ಗ್ಯಾಲಕ್ಸಿಗಳು

ಮುಧೋಳದ ಕಡೆ ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರು ಯಾವ ದಾರಿಯಲ್ಲಿ ಹೋಯಿತು ಅಂತ ಯಾರನ್ನೂ ಕೇಳಬೇಕಾಗಿಲ್ಲ. ರಸ್ತೆ ನೋಡಿದರೆ ಸಾಕು. ಉದ್ದಕ್ಕೂ ಕಬ್ಬು ಬಿದ್ದಿರುತ್ತದೆ, ತಿರುವಿನಲ್ಲಿ ಮತ್ತು ಉಬ್ಬಿನ ಹತ್ತಿರ ಜಾಸ್ತಿ, ನೆಟ್ಟಗಿನ ರಸ್ತೆಯಲ್ಲಿ ಕಡಿಮೆ. ಶಾಲೆ ಬಿಟ್ಟ ಮಕ್ಕಳು ಹಿಂದೆ ಓಡಿ ಜಗ್ಗುತ್ತಾರೆ. ಅವರ ಕೈಗೆ ಸಿಗುವುದು ಹೊರಗಿನ ಸಡಿಲ ಕಬ್ಬು ಮಾತ್ರ. ನಡುವೆ ಬಿಗಿಯಾಗಿ ಕಟ್ಟಿದ ಹೊರೆ ಅಲುಗುವುದೂ ಇಲ್ಲ. ನಾನೂ ಹಾಗೆ ಜಗ್ಗಿದವನೇ.

ದೊಡ್ಡ ಗ್ಯಾಲಕ್ಸಿಯನ್ನು ಸುತ್ತುವ ಸಣ್ಣ ಗ್ಯಾಲಕ್ಸಿಗಳ ಬಗ್ಗೆ ಮೊದಲ ಸಲ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ರಸ್ತೆಯೇ. ನಾವಿರುವ ಗ್ಯಾಲಕ್ಸಿಯಾದ ಹಾಲುಹಾದಿಗೆ ಇಂಥ ಉಪಗ್ಯಾಲಕ್ಸಿಗಳು 50ಕ್ಕಿಂತ ಜಾಸ್ತಿ ಸಿಕ್ಕಿವೆ. ಅವು ದುಂಡಗಿನ ದಾರಿಯಲ್ಲಿ ಸುತ್ತುವುದು ಕಡಿಮೆ. ಬಹಳಷ್ಟು ದೂರ ಹೋಗಿ, ಮತ್ತೆ ಒಳಗೆ ಧುಮುಕಿ, ಮತ್ತೆ ಹೊರಗೆ ಹೋಗುತ್ತವೆ. ಹತ್ತಿರ ಬಂದ ಗ್ಯಾಲಕ್ಸಿಯ ಈಚೆ ಬದಿಯನ್ನು ಹಾಲುಹಾದಿ ಜಾಸ್ತಿ ಎಳೆಯುತ್ತದೆ, ಆಚೆ ಬದಿಯನ್ನು ಕಡಿಮೆ. ಸಡಿಲವಾಗಿದ್ದ ಹೊರಗಿನ ನಕ್ಷತ್ರಗಳು ಕಳಚಿಕೊಳ್ಳುತ್ತವೆ. ಒಂದಿಷ್ಟು ಮುಂದೆ ಓಡುತ್ತವೆ, ಒಂದಿಷ್ಟು ಹಿಂದೆ ಉಳಿಯುತ್ತವೆ. ಹೀಗೆ ಸುತ್ತು ಸುತ್ತಿಗೂ ಚೆಲ್ಲುತ್ತಾ ಹೋದರೆ ಕೊನೆಗೆ ಉಳಿಯುವುದು ನಡುವಿನ ಬಿಗಿಯಾದ ಹೊರೆ ಒಂದೇ.

ಇದು ಈಗಲೂ ನಡೆಯುತ್ತಿದೆ. ಧನು ರಾಶಿಯ ದಿಕ್ಕಿನಲ್ಲಿ, ಹಾಲುಹಾದಿಯ ನಡುಭಾಗದ ಆಚೆಗೆ, ಒಂದು ಕುಬ್ಜ ಗ್ಯಾಲಕ್ಸಿ ಇದೆ. ಆಕಾಶದಲ್ಲಿ ಬಹಳ ಅಗಲ ಹರಡಿದ್ದರೂ ನಡುವಿನ ನಕ್ಷತ್ರ ಮತ್ತು ಧೂಳಿನ ಮರೆಯಲ್ಲಿ ಅಡಗಿದ್ದರಿಂದ ಅದು ಪತ್ತೆಯಾದದ್ದು 1994ರಲ್ಲಿ. ಆದರೆ ಅದರ ನಟ್ಟನಡುವೆ ಕೂತಿರುವ ಎಂ 54 ಅನ್ನುವ ನಕ್ಷತ್ರಗುಚ್ಛವನ್ನು ಫ್ರಾನ್ಸಿನ ಖಗೋಳಜ್ಞ ಮೆಸಿಯೆ 1778ರಲ್ಲೇ ನೋಡಿ ತನ್ನ ಪಟ್ಟಿಗೆ ಸೇರಿಸಿದ್ದ. ಹೊರೆ ಮೊದಲು ಸಿಕ್ಕಿತು, ಗಾಡಿ ಸಿಕ್ಕಿದ್ದು 216 ವರ್ಷ ಆದಮೇಲೆ! ಅದರಿಂದ ಚೆಲ್ಲಿದ ನಕ್ಷತ್ರಗಳ ಸಾಲು ಈಗ ಇಡೀ ಆಕಾಶವನ್ನೇ ಸುತ್ತಿಕೊಂಡಿದೆ.

ಈ ಉಪಗ್ಯಾಲಕ್ಸಿಗಳು ಹುಟ್ಟಿದ್ದು ಹೇಗೆ? ವಿಶ್ವದಲ್ಲಿ ಮೊದಲು ಗಂಟು ಕಟ್ಟಿಕೊಂಡದ್ದು ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ, ಎಳೆತದಿಂದಷ್ಟೇ ಗೊತ್ತಾಗುವ ವಸ್ತು, ಅದೂ ಸಣ್ಣ ಸಣ್ಣ ಗಂಟುಗಳಾಗಿ. ಅದರೊಳಗೆ ಅನಿಲ ಇಳಿದು ನಕ್ಷತ್ರಗಳಾದವು. ಆ ಗಂಟುಗಳು ಒಂದಕ್ಕೊಂದು ಕೂಡಿ ದೊಡ್ಡವಾದವು, ಕೂಡದೆ ಉಳಿದವು ಉಪಗ್ಯಾಲಕ್ಸಿಗಳಾದವು. ತೀರಾ ಸಣ್ಣವುಗಳ ಕಥೆ ಬೇಗ ಮುಗಿಯಿತು. ಮೊದಲ ಗ್ಯಾಲಕ್ಸಿಗಳ ನೇರಳಾತೀತ ಬೆಳಕಿಗೆ ಸುತ್ತಲಿನ ಅನಿಲವೆಲ್ಲ ಕಾದುಹೋಯಿತು, ಅದನ್ನು ಹಿಡಿದಿಟ್ಟುಕೊಳ್ಳುವಷ್ಟು ತೂಕ ಇವಕ್ಕೆ ಇರಲಿಲ್ಲ, ಹೊಸ ನಕ್ಷತ್ರ ಹುಟ್ಟುವುದು ಅಲ್ಲಿಗೇ ನಿಂತಿತು. ಸೆಗ್ಯೂ 1 ಅನ್ನುವ ಒಂದಿದೆ. ಇಡೀ ಗ್ಯಾಲಕ್ಸಿ ಸೇರಿ ಕೆಲವೇ ನೂರು ಸೂರ್ಯರಷ್ಟು ಬೆಳಕು, ಉಳಿದದ್ದೆಲ್ಲ ಡಾರ್ಕ್ ಮ್ಯಾಟರ್.

ಸ್ವಲ್ಪ ದೊಡ್ಡವು ಅನಿಲ ಉಳಿಸಿಕೊಂಡು ಬಂದವು. ಆದರೆ ಹಾಲುಹಾದಿಯ ಸುತ್ತ ತೆಳುವಾದ ಬಿಸಿ ಅನಿಲ ಹರಡಿದೆ. ಅದರೊಳಗೆ ವೇಗವಾಗಿ ನುಗ್ಗಿದರೆ ಎದುರುಗಾಳಿ ಹೊಡೆದ ಹಾಗೆ. ಕಣದಲ್ಲಿ ಜೋಳ ತೂರುವುದನ್ನು ನೋಡಿದ್ದೀರಲ್ವಾ? ಕಾಳು ನೆಟ್ಟಗೆ ಬೀಳುತ್ತದೆ, ಹೊಟ್ಟು ಹಾರಿಹೋಗುತ್ತದೆ. ಇಲ್ಲಿ ನಕ್ಷತ್ರ ಕಾಳು, ಅನಿಲ ಹೊಟ್ಟು. ಹಾಗಾಗಿ ಹತ್ತಿರದಲ್ಲಿ ಸುತ್ತುವ ಸಣ್ಣ ಗ್ಯಾಲಕ್ಸಿಗಳಲ್ಲಿ ಅನಿಲವೇ ಇಲ್ಲ, ಬರೀ ಹಳೆಯ ನಕ್ಷತ್ರಗಳು. ದೊಡ್ಡ ಮತ್ತು ಸಣ್ಣ ಮೆಗಲ್ಲಾನಿಕ್ ಮೋಡಗಳು ಅನ್ನುವ ಎರಡು ಉಪಗ್ಯಾಲಕ್ಸಿಗಳಲ್ಲಿ ಮಾತ್ರ ಇನ್ನೂ ಬೇಕಾದಷ್ಟು ಅನಿಲವಿದೆ. ದೊಡ್ಡ ಮೋಡದ ವೇಗವನ್ನು ಹಬಲ್ ದೂರದರ್ಶಕದಿಂದ ಅಳೆದು 2006ರಲ್ಲಿ ಪ್ರಕಟಿಸಿದಾಗ ಅದು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ಬಹುಶಃ ಅದು ನಮ್ಮ ಕಡೆ ಬರುತ್ತಿರುವುದು ಇದೇ ಮೊದಲು. ಬರುವಾಗ ತನ್ನದೇ ಕೆಲವು ಪುಟ್ಟ ಗ್ಯಾಲಕ್ಸಿಗಳನ್ನೂ ಕರೆದುಕೊಂಡು ಬಂದಿದೆ.

ಅಷ್ಟು ವೇಗದಲ್ಲಿ ಬಂದದ್ದು ಹಾಗೇ ಸುತ್ತಿಕೊಂಡಿರಬಾರದೇ, ಒಳಗೆ ಯಾಕೆ ಬೀಳಬೇಕು? ಇದಕ್ಕೆ ಉತ್ತರ ಕೊಟ್ಟವರು ನಮ್ಮ ಖಗೋಳವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್, 1943ರಲ್ಲಿ. ಭಾರವಾದ ವಸ್ತು ನಕ್ಷತ್ರಗಳ ನಡುವೆ ಹಾದುಹೋಗುವಾಗ ಅವನ್ನೆಲ್ಲ ತನ್ನ ಕಡೆ ಎಳೆಯುತ್ತದೆ. ಅವು ಬಂದು ಸೇರುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ. ಹಿಂದೆ ಕೂಡಿದ ಆ ಗುಂಪೇ ಅದನ್ನು ಹಿಂದಕ್ಕೆ ಜಗ್ಗುತ್ತದೆ. ವೇಗ ಇಳಿಯುತ್ತದೆ, ದಾರಿ ಸಣ್ಣದಾಗುತ್ತದೆ. ಭಾರ ಜಾಸ್ತಿ ಇದ್ದಷ್ಟೂ ಬೇಗ.

ಮೆಗಲ್ಲಾನಿಕ್ ಮೋಡಗಳನ್ನು ಮುಧೋಳದಿಂದ ನೋಡುವ ಆಸೆ ಬಿಟ್ಟುಬಿಡಿ. ದೊಡ್ಡದು ದಕ್ಷಿಣದಲ್ಲಿ ಅಬ್ಬಬ್ಬಾ ಅಂದರೆ 4 ಡಿಗ್ರಿ ಏರುತ್ತದೆ. ಅಷ್ಟು ಕೆಳಗೆ ಧೂಳು ಮತ್ತು ಊರದೀಪ ಬಿಟ್ಟರೆ ಏನೂ ಕಾಣುವುದಿಲ್ಲ. ಆದರೆ ನಮಗೆ ಒಮೇಗಾ ಸೆಂಟಾರಿ ಅನ್ನುವ ನಕ್ಷತ್ರಗುಚ್ಛ ಇದೆ! ಮೇ ತಿಂಗಳ ನಡುವೆ, ಚಂದ್ರ ಇಲ್ಲದ ದಿನ, ರಾತ್ರಿ ಹತ್ತೂವರೆ ಹೊತ್ತಿಗೆ ಮಾಳಿಗೆಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಎತ್ತರದಲ್ಲಿ ಚಿತ್ರಾ ನಕ್ಷತ್ರ ಇರುತ್ತದೆ. ಅಲ್ಲಿಂದ ನೆಟ್ಟಗೆ ಕೆಳಕ್ಕೆ, ಕೈ ಚಾಚಿ ಅಳೆದರೆ ಎರಡು ಗೇಣಿಗೆ ಸ್ವಲ್ಪ ಕಡಿಮೆ, ಒಂದು ಮಸುಕು ಚುಕ್ಕೆ. ಬೈನಾಕ್ಯುಲರ್ ಇದ್ದರೆ ಹತ್ತಿಯ ಉಂಡೆಯ ಹಾಗೆ ಕಾಣುತ್ತದೆ. ದೂರ ಸುಮಾರು 17,000 ಜ್ಯೋತಿರ್ವರ್ಷ, ಒಳಗೆ ಸುಮಾರು 1 ಕೋಟಿ ನಕ್ಷತ್ರ. ಪ್ರಾಚೀನ ಕಾಲದ ಖಗೋಳಜ್ಞ ಟಾಲೆಮಿ ಇದನ್ನು ಒಂಟಿ ನಕ್ಷತ್ರ ಅಂತ ಬರೆದಿದ್ದ. ಹ್ಯಾಲಿ 1677ರಲ್ಲಿ ಅಲ್ಲ ಅಂತ ಕಂಡುಕೊಂಡ. ಸಾಮಾನ್ಯ ಗುಚ್ಛದಲ್ಲಿ ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಇದರಲ್ಲಿ ಹಾಗಿಲ್ಲ, ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ಹಲವು ಪೀಳಿಗೆಗಳಿವೆ. ಹಬಲ್ ಚಿತ್ರಗಳಲ್ಲಿ ನಡುಭಾಗದ 7 ನಕ್ಷತ್ರಗಳು ವಿಪರೀತ ವೇಗದಲ್ಲಿ ಓಡುವುದು ಕಂಡು, ಅಲ್ಲಿ ಕಡಿಮೆಯೆಂದರೂ 8,200 ಸೂರ್ಯರಷ್ಟು ಭಾರದ ಕಪ್ಪುಕುಳಿ ಇರಬೇಕು ಅಂತ 2024ರಲ್ಲಿ ಲೆಕ್ಕ ಹಾಕಿದರು. ಹಾಲುಹಾದಿ ಎಂದೋ ನುಂಗಿದ ಒಂದು ಗ್ಯಾಲಕ್ಸಿಯ ತಿರುಳೇ ಇದು ಅನ್ನುವವರು ಜಾಸ್ತಿ. ನಾನೂ ಅದನ್ನೇ ನಂಬುತ್ತೇನೆ.

ಹೋದ ಬೇಸಿಗೆಯಲ್ಲಿ ಅವ್ವನಿಗೆ ತೋರಿಸಿದೆ. ಬೈನಾಕ್ಯುಲರ್ ಹಿಡಿದು ತುಂಬಾ ಹೊತ್ತು ನೋಡಿದಳು. ಆಮೇಲೆ, ‘ಇದರ ಉಳಿದ ಚುಕ್ಕಿಗಳು ಎಲ್ಲಿ ಹೋದವು?’ ಅಂತ ಕೇಳಿದಳು. ಸುಮ್ನೆ ಕೈ ಎತ್ತಿ ತಲೆಯ ಮೇಲೆ ತೋರಿಸಿದೆ.