ಚೆನ್ನಾಗಿದ್ದ ಡಿಸ್ಕೇ ಹಳೇದಾಗಿತ್ತು

ಎಲ್ಲಾ ಇದೆ ಸಾರ್, ಸಂಜೆ ಬಂದು ತಗೊಂಡೋಗಿ ಅಂತ, ನನ್ನ ಅಂಗಡೀಲಿ ಕಂಪ್ಯೂಟರ್ ರಿಪೇರಿಗೆ ಕೊಟ್ಟಿದ್ದವ್ರಿಗೆ ಫೋನ್ ಮಾಡಿ ಹೇಳಿದ್ದೆ. ಆರು ಗಂಟೆಗೆ ಬಂದ್ರು, ಸ್ಟೂಲ್ ಎಳ್ಕೊಂಡು ಕೂತ್ರು, ಕನ್ನಡಕ ಹಾಕ್ಕೊಂಡು ಕ್ರಯಪತ್ರ ಅಂತಿದ್ದ ಫೋಲ್ಡರ್ ಓಪನ್ ಮಾಡಿ ಕೆಳಗಿನ ತನಕ ಹೋದ್ರು, ಮತ್ತೆ ಮೇಲಕ್ಕೆ ಬಂದ್ರು. "ಏನಪ್ಪಾ, ಆಗಸ್ಟ್ ಆದ್ಮೇಲೆ ನಾನು ಕೆಲ್ಸಾನೇ ಮಾಡಿಲ್ವಾ?" ಅಂದ್ರು. ಆಗ ಫೆಬ್ರವರಿ ನಡೀತಿತ್ತು.

ಇವ್ರು ಗುಬ್ಬಿ ಕಡೆಯೋರು, ಪತ್ರ ಬರಹಗಾರ್ರು. ಜನ ಸಿಗೋದು ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ರ, ಆದ್ರೆ ಟೈಪ್ ಮಾಡೋದೆಲ್ಲ ಮನೇಲಿ, ನುಡಿ ಸಾಫ್ಟ್‌ವೇರಲ್ಲಿ. ಬೆಂಗಳೂರಲ್ಲಿರೋ ಅಳಿಯ ಹಬ್ಬಕ್ಕೆ ಬಂದಿದ್ದಾಗ 500 ಜಿಬಿದು ಎರಡು ಹಾರ್ಡ್‌ಡಿಸ್ಕ್ ಹಾಕಿ, ಮದರ್‌ಬೋರ್ಡಲ್ಲೇ ಇರೋ ಇಂಟೆಲ್ ರೇಡ್ (ಎರಡು ಡಿಸ್ಕನ್ನ ಒಂದರಂಗೆ ನಡೆಸೋ ವ್ಯವಸ್ಥೆ) ಆನ್ ಮಾಡಿ, ಮಿರರ್ ಮಾಡ್ಕೊಟ್ಟು ಹೋಗಿದ್ದ. ಮಾವ, ಒಂದು ಹೋದ್ರೂ ಇನ್ನೊಂದಿರತ್ತೆ, ತಲೆ ಕೆಡಿಸ್ಕೋಬೇಡಿ ಅಂತ. ಮಾತು ಸುಳ್ಳಲ್ಲ, ಬರೆದಿದ್ದೆಲ್ಲ ಎರಡು ಡಿಸ್ಕಿಗೂ ಒಟ್ಟೊಟ್ಟಿಗೆ ಹೋಗತ್ತೆ. ಆದ್ರೆ ಒಂದು ಹೋದಾಗ ಯಾರಿಗಾದ್ರೂ ಗೊತ್ತಾಗ್ಬೇಕಲ್ಲ, ಆ ಮಾತು ಅಳಿಯ ಹೇಳಿರ್ಲಿಲ್ಲ.

ನನ್ನ ಹತ್ರ ಬಂದಾಗ ಇದ್ದಿದ್ದು ಬೇರೆ ಕಂಪ್ಲೇಂಟು. ಕರೆಂಟ್ ಹೋಗಿ ಬಂತು, ಆಮೇಲಿಂದ ನೀಲಿ ಸ್ಕ್ರೀನ್ ಬರ್ತಿದೆ ಅಂತ. ಬಯೋಸ್, ಅಂದ್ರೆ ಮದರ್‌ಬೋರ್ಡಿನ ಸೆಟ್ಟಿಂಗ್, ಒಳಗೆ ಹೋದ್ರೆ ಡೇಟು ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆ, ಅಂದ್ರೆ ಬೋರ್ಡ್ ಮೇಲಿರೋ ಗುಂಡು ಸೆಲ್ಲು, ಸಿಆರ್ 2032, ಸತ್ತೋಗಿದೆ. ಸೆಲ್ ಸತ್ರೆ ಸೆಟ್ಟಿಂಗೆಲ್ಲ ಕಂಪನಿಯಿಂದ ಬಂದಾಗಿನ ಹಂಗೆ ಆಗತ್ತೆ, ರೇಡ್ ಆಫ್ ಆಗಿತ್ತು, ನೀಲಿ ಸ್ಕ್ರೀನ್ ಅದಕ್ಕೇ. ಎರಡೂ ಡಿಸ್ಕ್ ಬಿಚ್ಚಿ ಸ್ಮಾರ್ಟ್ ರಿಪೋರ್ಟ್, ಅಂದ್ರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡೋ ವರದಿ, ತೆಗ್ದೆ. ಒಂದರಲ್ಲಿ ಪೆಂಡಿಂಗ್ ಸೆಕ್ಟರ್ (ಓದೋಕೆ ತೊಂದ್ರೆ ಕೊಡ್ತಿರೋ ಸಣ್ಣ ಸಣ್ಣ ಖಾನೆ) ಇನ್ನೂರು ಚಿಲ್ರೆ, ಓದೋಕೆ ಹೋದ್ರೆ ಎಳೀತಾ ಎಳೀತಾ ನಿಂತೋಗತ್ತೆ. ಇನ್ನೊಂದು ಹೂವಿನಂಗಿದೆ, ಒಂದೇ ಒಂದು ತಪ್ಪಿಲ್ಲ. ಸರಿ, ಕೆಟ್ಟಿದ್ದು ಯಾವ್ದು ಅಂತ ಗೊತ್ತಾಯ್ತಲ್ಲ, ಅದನ್ನ ವಾರಂಟಿ ಕವರ್‌ಗೆ ಹಾಕಿ ಡ್ರಾಯರ್‌ನಲ್ಲಿಟ್ಟೆ, ಸೆಟ್ಟಿಂಗ್ ಮೊದಲಿನಂಗೆ ಮಾಡಿ ಒಳ್ಳೇದನ್ನ ಹಾಕಿ ಆನ್ ಮಾಡ್ದೆ, ವಿಂಡೋಸ್ ಬಂತು, ಡೆಸ್ಕ್‌ಟಾಪ್ ಮೇಲೆ ಮೊಮ್ಮಗು ಫೋಟೋನೂ ಬಂತು, ಫೋನ್ ಮಾಡ್ಬಿಟ್ಟೆ. ಫೋಲ್ಡರ್ ಒಳಗೆ ತಾರೀಖು ನೋಡೋಕೆ ಎರಡು ನಿಮಿಷ ಸಾಕಾಗಿತ್ತು, ನೋಡ್ಲಿಲ್ಲ.

ಅವ್ರು ಆಗಸ್ಟ್ ಅಂದ ತಕ್ಷಣ ನನಗೆ ಹೊಟ್ಟೇಲಿ ಕಲಸಿದಂಗಾಯ್ತು. ಸಾರ್, ಆನ್ ಮಾಡ್ದಾಗ ಕಪ್ಪು ಸ್ಕ್ರೀನಲ್ಲಿ ಏನಾದ್ರೂ ಬರ್ತಿತ್ತಾ ಅಂದೆ. "ಬರತ್ತಪ್ಪ ದಿನಾ, ಹಳದಿ ಅಕ್ಷರದಲ್ಲಿ ಡಿಗ್ರೇಡೋ ಎಂಥದೋ, ಸ್ವಲ್ಪ ಕಾದ್ರೆ ಹೋಗತ್ತೆ" ಅಂದ್ರು. ಎಷ್ಟು ದಿನದಿಂದ ಅಂದ್ರೆ, ಗಣೇಶನ ಹಬ್ಬಕ್ಕೆ ಮುಂಚೆಯಿಂದ ಇರ್ಬೇಕು.

ಆಗಿದ್ದು ಇಷ್ಟು. ಆಗಸ್ಟಲ್ಲಿ ಒಂದು ಡಿಸ್ಕಿನ ಸಾಟಾ ಕೇಬಲ್ ಲೂಸ್ ಆಗಿದೆ (ಲಾಕ್ ಕ್ಲಿಪ್ ಇಲ್ಲದ ಅಗ್ಗದ ಕೇಬಲ್ಲು, ಕೈ ತಗುಲಿದ್ರೆ ಅಲ್ಲಾಡತ್ತೆ). ಕೇಬಲ್ ಕೈ ಕೊಟ್ಟಿದ್ದಕ್ಕೆ ರೇಡ್ ಆ ಡಿಸ್ಕನ್ನ ಹೊರಗೆ ಹಾಕಿ, ಉಳಿದ ಒಂದರ ಮೇಲೇ ಬರ್ಕೊಂಡು ಹೋಗಿದೆ. ಆ ಹಳದಿ ಅಕ್ಷರ ದಿನಾ ಹೇಳ್ತಿದ್ದಿದ್ದು ಅದನ್ನೇ. ಜೋಡೆತ್ತಲ್ಲಿ ಒಂದು ನೊಗ ಕಳಚ್ಕೊಂಡು ನೆರಳಲ್ಲಿ ನಿಂತಿದೆ, ಇನ್ನೊಂದು ಒಂಟಿಯಾಗಿ ಆರು ತಿಂಗಳು ಗಾಡಿ ಎಳೆದು ಎಳೆದು ಬಿದ್ದಿದೆ. ನಾನು ಬಂದು ಮೈ ತುಂಬ್ಕೊಂಡಿರೋ ಎತ್ತು ನೋಡಿ, ದುಡಿದಿದ್ದು ಇದೇ ಇರ್ಬೇಕು ಅಂದ್ಕೊಂಡಿದೀನಿ. ಆರು ತಿಂಗಳ ಪತ್ರಗಳೆಲ್ಲ ಡ್ರಾಯರ್‌ನಲ್ಲಿರೋ ಕವರ್ ಒಳಗಿತ್ತು, ಬೆಳಗ್ಗೆ ಕೊರಿಯರ್ ಹುಡುಗ ಬರೋನಿದ್ದ. ವಾರಂಟಿಗೆ ಕಳಿಸಿದ್ರೆ ಬೇರೆ ಡಿಸ್ಕ್ ಬರತ್ತೆ ಅಷ್ಟೆ, ನಮ್ಮದು ವಾಪಸ್ ಬರಲ್ಲ. ಇನ್ನೊಂದು ವಿಷ್ಯ ನೆನೆಸ್ಕೊಂಡ್ರೆ ಈಗ್ಲೂ ಕೈ ಬೆವರತ್ತೆ. ಎರಡನ್ನೂ ಹಾಕಿ ರೇಡ್ ಆನ್ ಮಾಡಿ ರೀಬಿಲ್ಡ್ ಕೊಡೋಣ ಅಂತ ಮಧ್ಯಾಹ್ನ ಒಂದ್ಸಲ ಯೋಚ್ನೆ ಬಂದಿತ್ತು. ಹಳೇ ಡಿಸ್ಕನ್ನ ಒಳ್ಳೇದು ಅಂತ ಆರಿಸ್ಕೊಂಡು ಒತ್ತಿದ್ದಿದ್ರೆ ಹೊಸಾದರ ಮೇಲೆ ಹಳೇದನ್ನ ಸಲೀಸಾಗಿ ಬರ್ದು, ಸಕ್ಸಸ್ ಅಂತಾನೂ ತೋರಿಸಿರೋದು.

ಸಾರ್, ಮೂರು ದಿನ ಟೈಮ್ ಕೊಡಿ ಅಂದೆ. ಬೈಲಿಲ್ಲ, ಅದೊಂದು ಪುಣ್ಯ.

ಕವರ್ ಬಿಚ್ಚಿ ಮೊದ್ಲು ಮಾಡಿದ್ದು ಪೇಪರ್ ಟೇಪಲ್ಲಿ ಸೀರಿಯಲ್ ನಂಬರಿನ ಕೊನೇ ನಾಲ್ಕು ಅಕ್ಷರ ದೊಡ್ಡದಾಗಿ ಬರ್ದು ಎರಡೂ ಡಿಸ್ಕ್ ಮೇಲೆ ಅಂಟಿಸಿದ್ದು. ಒಂದೇ ಮಾಡೆಲ್, ಒಂದೇ ಸೈಜ್, ಪಕ್ಕದಲ್ಲಿಟ್ರೆ ಅವಳಿಜವಳಿ. ಆಮೇಲೆ ಲಿನಕ್ಸ್ ಇರೋ ಮೆಷೀನಿಗೆ ಹಾಕಿ, ತಾನಾಗೇ ಮೌಂಟ್ ಆಗೋದನ್ನ (ಡಿಸ್ಕ್ ತೆರ್ಕೊಳೋದನ್ನ) ಆಫ್ ಮಾಡಿ, ರೇಡ್ ನೋಡ್ಕೊಳೋ ಪ್ರೋಗ್ರಾಂ ಎಂಡಿಅಡ್ಮ್ ಅಲ್ಲಿ ಎಕ್ಸಾಮಿನ್ ಕೊಟ್ಟು ನೋಡ್ದೆ. ಇಂಟೆಲ್ ರೇಡ್ ತನ್ನ ಲೆಕ್ಕಾಚಾರನ ಡಿಸ್ಕಿನ ಕೊನೇಲಿ ಬರ್ದಿಟ್ಕೊಳತ್ತೆ, ಅದರಲ್ಲಿ ಜನರೇಷನ್ ಅಂತ ಒಂದು ನಂಬರ್ ಇರತ್ತೆ, ರೇಡಲ್ಲಿ ಏನಾದ್ರೂ ಬದಲಾದಾಗ ಏರ್ತಾ ಹೋಗತ್ತೆ. ನನ್ನ ಹೂವಿನಂಥ ಡಿಸ್ಕಲ್ಲಿ ಅದು ಎಲ್ಲೋ ಹಿಂದೆ ನಿಂತಿತ್ತು, ಸಾಯ್ತಿರೋದರಲ್ಲಿ ಮುಂದಕ್ಕೆ ಹೋಗಿತ್ತು. ಲೆಕ್ಕ ಕೊನೇಲಿರೋದರಿಂದ ಇನ್ನೊಂದು ಉಪಕಾರ ಇದೆ, ಫೈಲುಗಳಿರೋ ಪಾರ್ಟಿಷನ್ ಮಾಮೂಲಿ ಡಿಸ್ಕಲ್ಲಿ ಇರೋ ಹಂಗೆ ಮುಂದ್ಗಡೆನೇ ಶುರುವಾಗತ್ತೆ, ಹಂಗಾಗಿ ಮಿರರಿನ ಒಂದೇ ಡಿಸ್ಕನ್ನ ಬೇರೆ ಮೆಷೀನಿಗೆ ಹಾಕಿದ್ರೂ ಓದ್ಬಹುದು. ಲಿನಕ್ಸ್‌ನದೇ ರೇಡ್ ಆಗಿದ್ರೆ ಈಗಿನ 1.2 ಫಾರ್ಮ್ಯಾಟಲ್ಲಿ ಆ ಲೆಕ್ಕ ಮುಂದ್ಗಡೆ ಇರತ್ತೆ, ಅಲ್ಲಿ ಇಷ್ಟು ಸುಲಭ ಇಲ್ಲ.

ಈ ಹಂತದಲ್ಲಿ ವಿಂಡೋಸಿನ ಚೆಕ್‌ಡಿಸ್ಕ್ ಹಾಕೋರನ್ನ ನೋಡಿದೀನಿ, ದಯವಿಟ್ಟು ಬೇಡ. ಸಾಯ್ತಿರೋ ಡಿಸ್ಕ್ ಮೇಲೆ ಅದು ರಿಪೇರಿ ಅಂತ ಬರ್ಯೋಕೆ ಶುರು ಮಾಡತ್ತೆ. ಮೊದ್ಲು ಕಾಪಿ ಆಗ್ಬೇಕು, ಮಿಕ್ಕಿದ್ದೆಲ್ಲ ಕಾಪಿ ಮೇಲೆ. ಕೆಟ್ಟ ಡಿಸ್ಕಿಂದ ಕಾಪಿ ಎತ್ತೋ ಪ್ರೋಗ್ರಾಂ ಡಿಡಿರೆಸ್ಕ್ಯೂ ಹಾಕ್ದೆ, ಸೋರ್ಸ್ ಮೊದ್ಲು, ಎಲ್ಲಿಗೆ ಬರೀಬೇಕೋ ಅದು ಆಮೇಲೆ, ಎಂಟರ್ ಒತ್ತೋಕೆ ಮುಂಚೆ ಟೇಪ್ ಮೇಲಿನ ನಂಬರ್ ಬಾಯಿಬಿಟ್ಟು ಓದ್ದೆ, ಪಕ್ಕದ ಝೆರಾಕ್ಸ್ ಅಂಗಡಿಯವ್ನು ಏನ್ ಗುರು ಮಂತ್ರ ಹೇಳ್ತಿದೀಯಾ ಅಂದ. ಮೊದಲ ಸುತ್ತಲ್ಲಿ ಕಷ್ಟದ ಜಾಗ ಬಿಟ್ಟು ಸಲೀಸಾಗಿ ಬರೋದನ್ನೆಲ್ಲ ಎತ್ಕೊಂಡು ಬಾ ಅಂತ ಹೇಳ್ದೆ, ಅದಕ್ಕೊಂದು ಆಪ್ಷನ್ ಇದೆ. ಎಲ್ಲಿ ತನಕ ಓದಿದೆ, ಎಲ್ಲಿ ಬಿಟ್ಟಿದೆ ಅನ್ನೋದನ್ನ ಮ್ಯಾಪ್ ಫೈಲಲ್ಲಿ ಬರ್ಕೊಳತ್ತೆ, ಮಧ್ಯೆ ನಿಂತ್ರೂ ಅಲ್ಲಿಂದಾನೇ ಮುಂದುವರಿಸ್ಬಹುದು. 500 ಜಿಬಿ ಅಂದ್ರೆ 97,67,73,168 ಸೆಕ್ಟರ್. ಆರೋಗ್ಯವಾಗಿದ್ರೆ ಒಂದೂವರೆ ಎರಡು ಗಂಟೆ ಕೆಲ್ಸ, ಇದು ರಾತ್ರಿಯೆಲ್ಲಾ ಓಡ್ತು. ನಾನು ಟೇಬಲ್ ಫ್ಯಾನನ್ನ ಡಿಸ್ಕ್ ಕಡೆ ತಿರುಗಿಸಿ ಸೆಖೇಲಿ ಅಂಗಡೀಲೇ ಮಲ್ಕೊಂಡೆ. ಬೆಳಗ್ಗೆ ನೋಡಿದ್ರೆ ಹೆಚ್ಚುಕಮ್ಮಿ ಎಲ್ಲಾ ಬಂದಿದೆ, ಕೊಸರಿದ ಜಾಗಕ್ಕೆ ಇನ್ನೂ ಮೂರು ಸುತ್ತು ಹಾಕ್ದೆ. ಕೊನೆಗೆ ಉಳಿದಿದ್ದು ಒಂದು ಎಂಬಿಗೂ ಕಮ್ಮಿ ತೂತು.

ಇಲ್ಲೊಂದು ಆಸೆ ಬರತ್ತೆ. ಅವಳಿ ಡಿಸ್ಕ್ ಪಕ್ಕದಲ್ಲೇ ಇದೆಯಲ್ಲ, ಅದೇ ಸೆಕ್ಟರ್ ಅಲ್ಲಿಂದ ತಂದು ತುಂಬ್ಬಿಡೋಣ ಅಂತ. ಎರಡೂ ಒಂದೇ ದಿನದ ತನಕ ಓಡಿದ್ರೆ ಮಾಡ್ಬಹುದು. ಇಲ್ಲಿ ಒಂದು ಆಗಸ್ಟಿಂದು ಒಂದು ಫೆಬ್ರವರೀದು, ಅದೇ ಜಾಗದಲ್ಲಿ ಆಗ ಬೇರೆ ಫೈಲೇ ಇದ್ದಿರಬಹುದು, ಸೆಕ್ಟರ್ ಲೆಕ್ಕದಲ್ಲಿ ಬೆರೆಸಿದ್ರೆ ಯಾರದೋ ಸರ್ವೆ ನಂಬರ್ ಯಾರದೋ ಪತ್ರದಲ್ಲಿ ಹೋಗಿ ಕೂರತ್ತೆ. ಫೈಲ್ ಫೈಲಾಗಿ ಮಾತ್ರ ತರಬೇಕು. ಅದಕ್ಕೆ ಯಾವ ಫೈಲಿಗೆ ತೂತು ಬಿದ್ದಿದೆ ಅಂತ ಗೊತ್ತಾಗ್ಬೇಕು. ಡಿಡಿರೆಸ್ಕ್ಯೂನಲ್ಲಿ ಫಿಲ್ ಮೋಡ್ ಅಂತಿದೆ, ಓದೋಕಾಗದ ಜಾಗಗಳಿಗೆಲ್ಲ ನಾವು ಹೇಳಿದ ಪದ ತುಂಬತ್ತೆ. ಕಾಪಿಗೆ ಇನ್ನೊಂದು ಕಾಪಿ ಮಾಡ್ಕೊಂಡು ಅದರ ತೂತುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ತೂತು ತೂತು ಅಂತಾನೇ ತುಂಬ್ದೆ, ರೀಡ್ ಓನ್ಲಿ ಮೌಂಟ್ ಮಾಡಿ, ಆ ಪದ ಇರೋ ಫೈಲುಗಳನ್ನ ಹುಡುಕ್ದೆ. ಹನ್ನೊಂದು ಸಿಕ್ವು. ಎಂಟು ಆಗಸ್ಟಿಗೆ ಹಿಂದಿನವು, ಹಳೇ ಡಿಸ್ಕಿಂದ ತಂದೆ. ಮೂರು ಹೊಸವು, ಹೋದವು.

ಅವ್ರನ್ನ ಕರೆಸಿ ಒಂದು ಫೈಲ್ ತೆಗ್ದು ತೋರಿಸ್ದೆ. ಪರದೆ ತುಂಬಾ ಪಿ, ತಲೆ ಮೇಲೆ ಗೆರೆ ಇರೋ ಎ, ಪೌಂಡ್ ಗುರುತು. "ಅಯ್ಯೋ ಎಲ್ಲಾ ಕಲಸಿ ಹೋಗಿದೆಯಲ್ಲಪ್ಪ!" ಅಂತ ಎದ್ದೇ ನಿಂತ್ರು, ನನಗೂ ಅರ್ಧ ಸೆಕೆಂಡ್ ಎದೆ ಧಸಕ್ ಅಂತು. ನೋಡಿದ್ರೆ ನನ್ನ ಆ ಮೆಷೀನಲ್ಲಿ ನುಡಿ ಫಾಂಟೇ ಇಲ್ಲ, ಹಳೇ ನುಡಿ ಫೈಲು ಯೂನಿಕೋಡ್ ಅಲ್ಲ, ಫಾಂಟ್ ಇಲ್ಲಾಂದ್ರೆ ಹಂಗೇ ಕಾಣೋದು. ಹಾಕಿದ್ಮೇಲೆ ಕನ್ನಡ ಬಂತು, ನೀರು ಕೇಳಿ ಕುಡಿದ್ರು. ಹೋದ ಮೂರನ್ನೂ ತೆಗ್ದೆ. ಅಲ್ಲಿ ಉಲ್ಟಾ, ನಾನು ತುಂಬಿದ್ದ ಇಂಗ್ಲಿಷ್ ತೂತು ನುಡಿ ಫಾಂಟಲ್ಲಿ ಅರ್ಥವಿಲ್ಲದ ಯಾವ್ಯಾವ್ದೋ ಕನ್ನಡ ಅಕ್ಷರಗಳಾಗಿ ಸಾಲುಗಟ್ಟಿ ಕೂತಿತ್ತು.

ಮಿರರ್ ತೆಗ್ದು ಒಂದು ಎಸ್‌ಎಸ್‌ಡಿ ಹಾಕ್ಕೊಟ್ಟೆ, ಜೊತೆಗೊಂದು ಎಕ್ಸ್‌ಟರ್ನಲ್, ಶನಿವಾರ ಕಾಪಿ ಮಾಡಿ ಬಿಚ್ಚಿ ಬೀರುವಿಗೆ. ಅಳಿಯನಿಗೆ ಬೇಜಾರಾಯ್ತಂತೆ, ಆಗ್ಲಿ. ಮಿರರಲ್ಲಿ ತಪ್ಪಿ ಡಿಲೀಟ್ ಮಾಡಿದ್ರೆ ಎರಡರಲ್ಲೂ ಡಿಲೀಟು, ವೈರಸ್ ಬಂದ್ರೆ ಎರಡಕ್ಕೂ ವೈರಸ್ಸು. ಡಿಸ್ಕ್ ಕೆಟ್ರೂ ಕೆಲ್ಸ ನಿಲ್ಬಾರ್ದು ಅನ್ನೋರಿಗೆ ಅದು ಸರಿ, ಒಂಟಿ ಮನೆ ಕಂಪ್ಯೂಟರಿಗೆ ಬೀರು ಒಳಗಿರೋದೇ ವಾಸಿ. ಈಗ ಯಾರ ಮಿರರ್ ಬಂದ್ರೂ ನಾನು ಸ್ಮಾರ್ಟ್ ನೋಡೋಕೆ ಮುಂಚೆ ಎರಡು ಡಿಸ್ಕಲ್ಲೂ ಕೊನೇ ಫೈಲಿನ ತಾರೀಖು ನೋಡಿ ಟೇಪ್ ಮೇಲೇ ಬರ್ದುಬಿಡ್ತೀನಿ.

ಮೂರರಲ್ಲಿ ಎರಡು ಆಗ್ಲೇ ರಿಜಿಸ್ಟರ್ ಆಗಿದ್ವು, ನಕಲು ಸಿಗತ್ತೆ ಬಿಡು ಅಂದ್ರು. ಮೂರನೇದು ಅಣ್ಣತಮ್ಮಂದಿರ ವಿಭಾಗ ಪತ್ರದ ಕರಡು, ಚಕ್ಕುಬಂದಿ ಬರೆಯೋ ಜಾಗದಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಅಂತ ಬಂದು ಅಲ್ಲಿಂದ ತೂತು. ಚೀಲದಿಂದ ಉದ್ದದ ನೋಟ್‌ಬುಕ್ ತೆಗ್ದು, ನನ್ನ ಕೌಂಟರ್ ಮೆಷೀನಲ್ಲೇ ಕೂತು ಟೈಪ್ ಮಾಡೋಕೆ ಶುರು ಮಾಡಿದ್ರು. ಸ್ವಲ್ಪ ಹೊತ್ತಾದ್ಮೇಲೆ ಕನ್ನಡಕ ಮೇಲಕ್ಕೆತ್ತಿ, "ಅಲ್ಲಾ ಕಣಯ್ಯ, ಆರು ತಿಂಗಳಿಂದ ಅವ್ರು ಹೊಡೆದಾಡ್ತಿರೋದೇ ಈ ಪಶ್ಚಿಮದ ಬದುವಿಗೆ, ನಿನ್ನ ಡಿಸ್ಕಿಗೂ ಅದೇ ಬೇಕಾಗಿತ್ತಾ?" ಅಂದ್ರು.