ಸೀತಾನದಿ ದಡದಲ್ಲಿ ತೆಪ್ಪಲ್ ಮೀನಿನ ಮಾತು

ದೀಪಾವಳಿಗೆ ಊರಿಗೆ ಬಂದಿದ್ದ ಅಕ್ಕನ ಮಗಳು ಸೀತಾನದಿ ನೋಡಬೇಕು ಅಂದಳು. ಅವಳು ಓದುತ್ತಿರುವುದು ಜಪಾನಿನ ಕ್ಯೋಟೋದಲ್ಲಿ. ಬೆಳಿಗ್ಗೆಯೇ ಉಡುಪಿಯಿಂದ ಆಗುಂಬೆ ಕಡೆಯ ಮಿನಿ ಬಸ್ ಹತ್ತಿದೆವು. ಹೊರಡುವಾಗ ಪಕ್ಕದ ಮನೆಯ ಕೊಂಕಣಿ ಮಾಮಿ ಬೇಲಿ ಹತ್ತಿರ ಬಂದು, "ಹೆಬ್ರಿಯಲ್ಲಿ ತೆಪ್ಪಲ್ ಸಿಕ್ಕಿದ್ರೆ ಒಂದಿಷ್ಟು ತನ್ನಿ, ಬಂಗುಡೆಗೆ ಬೇಕು" ಅಂದಿದ್ದರು.

ಪರ್ಕಳ, ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿಯಲ್ಲಿ ಇಳಿದೆವು. ಪೇಟೆಯ ಸಣ್ಣ ಅಂಗಡಿಯೊಂದರಲ್ಲಿ ತೆಪ್ಪಲ್ ಸಿಕ್ಕಿತು. ಘಟ್ಟದ ಮುಳ್ಳುಮರದ ಕಾಯಿ ಇದು. ಒಣಗಿ ಬಾಯಿ ಬಿಟ್ಟಿರುತ್ತದೆ, ಒಳಗೆ ಮಿರಮಿರ ಮಿಂಚುವ ಕಪ್ಪು ಬೀಜ. ಬೀಜ ಎಸೆದು ಸಿಪ್ಪೆ ಮಾತ್ರ ಜಜ್ಜಿ ಸಾರಿಗೆ ಹಾಕುವುದು. ಮಲೆನಾಡಿನಲ್ಲಿ ಜುಮ್ಮನಕಾಯಿ ಅನ್ನುತ್ತಾರೆ, ನಾಲಿಗೆಗೆ ಜುಮ್ ಅನ್ನಿಸುತ್ತದಲ್ವಾ, ಅದಕ್ಕೆ. ಅಕ್ಕನ ಮಗಳು ಒಂದು ಸಿಪ್ಪೆಯನ್ನು ಉಗುರಲ್ಲಿ ಚಿವುಟಿ ಮೂಗಿಗೆ ಹಿಡಿದಳು.

"ಚಿಕ್ಕಮ್ಮ, ಇದು ಸಾನ್‌ಶೋ ವಾಸನೆ! ನಿಮಗೆ ನೆನಪಿಲ್ವಾ?"

ನೆನಪಿಲ್ಲದೆ ಏನು. ಏಪ್ರಿಲ್‌ನಲ್ಲಿ ನಾನು ಅವಳ ಹತ್ತಿರ ಹೋಗಿದ್ದಾಗ ಹಾವುಮೀನಿನ ಮೇಲೆ ಉದುರಿಸಿ ಕೊಟ್ಟ ಹಸಿರು ಪುಡಿ ಅದು. ಸಾನ್‌ಶೋ ಮತ್ತು ನಮ್ಮ ತೆಪ್ಪಲ್ ಒಂದೇ ಬಳಗದ ಗಿಡಗಳು, ಎರಡೂ ಜಾಂಥೋಕ್ಸೈಲಮ್. ಆ ಪುಡಿಯ ಹೆಸರಲ್ಲೇ ಅಲ್ಲಿ ಒಂದು ಪ್ರಾಣಿ ಇದೆ. ಓಸಾನ್‌ಶೋವುಓ, ಅಂದರೆ ದೊಡ್ಡ ಸಾನ್‌ಶೋ ಮೀನು. ಹೆದರಿದರೆ ಅದರ ಮೈಯಿಂದ ಹಾಲಿನಂಥ ಅಂಟು ಬರುತ್ತದೆ, ಅದಕ್ಕೆ ಈ ವಾಸನೆಯಂತೆ. ಹೆಸರಲ್ಲಿ ಮೀನು ಇದ್ದರೂ ಅದು ಮೀನಲ್ಲ, ಕಪ್ಪೆಯ ದೂರದ ನೆಂಟ. ಜಪಾನಿನ ದೈತ್ಯ ಸಲಮಾಂಡರ್.

ಸೀತಾನದಿಯ ದಡದಲ್ಲಿ ಕಲ್ಲಿನ ಮೇಲೆ ಕೂತು ಕಾಲು ನೀರಿಗಿಳಿಸಿದೆವು. ಮಳೆ ನಿಂತು ನೀರು ತಿಳಿಯಾಗಿತ್ತು. ಸಣ್ಣ ಮೀನುಗಳು ಬಂದು ಪಾದ ಕಚ್ಚುತ್ತಿದ್ದವು. ಮಾತು ಮಾತ್ರ ಕ್ಯೋಟೋದಲ್ಲೇ ಇತ್ತು.

ಕ್ಯೋಟೋ ಅಕ್ವೇರಿಯಂ ಒಳಗೆ ಹೋದ ಕೂಡಲೇ ಸಿಗುವುದು ಇವುಗಳ ತೊಟ್ಟಿ. ಮೊದಲು ನನಗೆ ಕಂಡಿದ್ದು ಬರೀ ಕಲ್ಲು. ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಕಂದು ಕಲ್ಲುಗಳು. ಅದರಲ್ಲೊಂದು ಕಲ್ಲು ಮೆಲ್ಲಗೆ ಕಾಲು ಚಾಚಿತು. ಮುಂಗಾಲಿಗೆ ನಾಲ್ಕು ಬೆರಳು, ಮಗುವಿನ ಕೈ ಹಾಗೆ ಮೆತ್ತಗೆ. ಅಗಲವಾದ ತಲೆಯ ತುದಿಯಲ್ಲಿ ಕರಿಮೆಣಸಿನ ಕಾಳಿನಷ್ಟು ಕಣ್ಣು, ರೆಪ್ಪೆಯೇ ಇಲ್ಲ. ಪಕ್ಕೆಯುದ್ದಕ್ಕೂ ಚರ್ಮ ಸೀರೆಯ ಸೆರಗಿನಂತೆ ಮಡಿಕೆ ಮಡಿಕೆ. ದೊಡ್ಡದಾದ ಮೇಲೆ ಇವಕ್ಕೆ ಕಿವಿರು ಇರುವುದಿಲ್ಲ, ಉಸಿರಾಟ ಹೆಚ್ಚಾಗಿ ಆ ಮಡಿಕೆಗಳ ಮೂಲಕವೇ. ಹಾಗಾಗಿಯೇ ತಣ್ಣಗೆ ಹರಿಯುವ ನೀರೇ ಬೇಕು. ನಾನು ಗಾಜಿಗೆ ಮುಖ ಒತ್ತಿ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಇದಕ್ಕೆ ಚೀನಾದಲ್ಲೊಂದು ದಾಯಾದಿ ಇದೆ. ಜಪಾನಿನದು 1.5 ಮೀಟರ್‌ವರೆಗೆ ಬೆಳೆದರೆ ಚೀನಾದ್ದು 1.8 ಮೀಟರ್‌ವರೆಗೂ ಹೋಗುತ್ತದೆ. ಮಗುವಿನ ಅಳುವಿನಂಥ ಸದ್ದಿನಿಂದಾಗಿ ಅಲ್ಲಿನವರು ಅದನ್ನು ಕೂಸು ಮೀನು ಅನ್ನುತ್ತಾರೆ. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ ಅಂತ ಕೇಳಿದ್ದಕ್ಕೆ ಅಕ್ಕನ ಮಗಳು ತಲೆಯ ಮೇಲಿನ ಗಂಟು ನೋಡಿ ಅಂದಿದ್ದಳು. ಜಪಾನಿನದರ ತಲೆ ತುಂಬ ದಪ್ಪ ಗಂಟುಗಳು, ಕೈಗೆ ಸಿಕ್ಕಿದಲ್ಲಿ ಎರಚಿದ ಹಾಗೆ. ಚೀನಾದ್ದಕ್ಕೆ ಸಣ್ಣವು, ಹೆಚ್ಚಾಗಿ ಜೋಡಿ ಜೋಡಿಯಾಗಿ ಸಾಲಲ್ಲಿ. ಜಪಾನಿನದರ ಮೂತಿ ಸ್ವಲ್ಪ ದುಂಡಗೆ, ಬಾಲ ಸ್ವಲ್ಪ ಗಿಡ್ಡ.

ಆದರೆ ಕ್ಯೋಟೋದ ಕಾಮೋ ನದಿಯಲ್ಲಿ ಈ ಗುರುತು ಕೆಲಸಕ್ಕೆ ಬರುವುದಿಲ್ಲ. 1972ರಲ್ಲಿ ತಿನ್ನಲಿಕ್ಕೆ ಅಂತ ಚೀನಾದಿಂದ ಇವನ್ನು ಜಪಾನಿಗೆ ತರಿಸಿದ್ದರು. ಅವು ಹೇಗೋ ನದಿ ಸೇರಿ ಅಲ್ಲಿನವುಗಳ ಜೊತೆ ಕೂಡಿದವು. ಈಗ ಕಾಮೋದಲ್ಲಿ ಸಿಗುವುದು ಹೆಚ್ಚಿನವೂ ಬೆರಕೆ. ಡಿಎನ್‌ಎ ಪರೀಕ್ಷೆ ಮಾಡದೆ ಯಾವುದು ಯಾವುದು ಅಂತ ಖಚಿತವಾಗಿ ಹೇಳುವ ಹಾಗಿಲ್ಲ. 1952ರಲ್ಲೇ ಜಪಾನ್ ತನ್ನ ಸಲಮಾಂಡರ್‌ಗೆ ವಿಶೇಷ ನೈಸರ್ಗಿಕ ಸ್ಮಾರಕ ಅಂತ ಕಾನೂನಿನ ರಕ್ಷಣೆ ಕೊಟ್ಟಿತ್ತು. ಹೊರಗಿನ ಮತ್ತು ಬೆರಕೆ ಸಲಮಾಂಡರ್‌ಗಳನ್ನು ಅನುಮತಿಯಿಲ್ಲದೆ ಸಾಕಬಾರದು, ನದಿಗೆ ಬಿಡಬಾರದು ಅನ್ನುವ ಕಾನೂನು ಬಂದಿದ್ದು 2024ರ ಜುಲೈಯಲ್ಲಿ.

ನನಗೆ ಹೆಚ್ಚು ಸಂಕಟ ಆಗುವುದು ಚೀನಾದ್ದನ್ನು ನೆನೆದು. ಕಾಮೋದಲ್ಲಿ ಅದು ಬೇಡದ ಅತಿಥಿ. ಅದರ ಸ್ವಂತ ನದಿಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸಾಕಾಣಿಕೆ ಕೇಂದ್ರಗಳಲ್ಲಿ ಲಕ್ಷಗಟ್ಟಲೆ ಇವೆ, ಕಾಡಿನ ಹೊಳೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ಒಂದೇ ಜಾತಿಯೂ ಅಲ್ಲ, ಒಂದಕ್ಕಿಂತ ಜಾಸ್ತಿ ಅಂತ 2018ರಲ್ಲಿ ತಿಳಿಯಿತು. ಮರುವರ್ಷ ದಕ್ಷಿಣ ಚೀನಾದ್ದಕ್ಕೆ ಆಂಡ್ರಿಯಾಸ್ ಸ್ಲೈಗೋಯ್ ಅನ್ನುವ ಹೆಸರನ್ನು ಮತ್ತೆ ಕೊಟ್ಟರು. ಕಾಡಿನಲ್ಲಿ ಉಳಿದಿದೆಯೋ ಇಲ್ಲವೋ ಅನ್ನುವ ಆ ಜಾತಿಯ ಎರಡು ಗಂಡು ಜಪಾನಿನಲ್ಲೇ ಇವೆ ಅಂತ 2024ರಲ್ಲಿ ಗೊತ್ತಾಯಿತು. ಹೊರಗಿನದು ಅಂತ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದ್ದರೆ ಏನು ಗತಿ?

"ಇಲ್ಲಿ ಇರಬಹುದಾ?" ಅಂತ ನಾನು ನೀರಿನ ಕಡೆ ನೋಡಿ ಕೇಳಿದೆ.

"ಇಲ್ಲ ಚಿಕ್ಕಮ್ಮ. ನಮ್ಮ ದೇಶದಲ್ಲಿ ಸಲಮಾಂಡರ್ ಇರೋದು ಡಾರ್ಜಿಲಿಂಗ್, ಈಶಾನ್ಯದ ಕಡೆ ಮಾತ್ರ. ಅದೂ ಗೇಣುದ್ದದ್ದು. ನಮ್ಮ ಘಟ್ಟಕ್ಕೆ ಕಪ್ಪೆಗಳು, ಮತ್ತೆ ಆ ಕಾಲಿಲ್ಲದ್ದು."

ಕಾಲಿಲ್ಲದ್ದು ಅಂದರೆ ಸಿಸಿಲಿಯನ್. ಅಡಿಕೆ ತೋಟ ಅಗೆಯುವಾಗ ದೊಡ್ಡ ಎರೆಹುಳದ ಹಾಗೆ ಏಳುತ್ತದೆ. ಹಾವು ಅಂತ ಹೊಡೆದು ಹಾಕುತ್ತಾರೆ. ಅದಕ್ಕೆ ವಿಷದ ಹಲ್ಲೂ ಇಲ್ಲ, ನಮ್ಮ ಮೇಲೆ ಹಗೆಯೂ ಇಲ್ಲ. ದಯವಿಟ್ಟು ಹೊಡೆಯಬೇಡಿ.

ಸಂಜೆ ಮನೆಗೆ ಬಂದು ಮಾಮಿಗೆ ತೆಪ್ಪಲ್ ಪೊಟ್ಟಣ ಕೊಟ್ಟೆ. ಅಕ್ಕನ ಮಗಳು ಬಾವಿಕಟ್ಟೆಗೆ ಒರಗಿ ಒಳಗೆ ಬಗ್ಗಿ ನೋಡುತ್ತಿದ್ದಳು. ಸೊಳ್ಳೆ ಮರಿ ತಿನ್ನಲಿ ಅಂತ ಅಪ್ಪ ಹಿಂದೆ ಬಿಟ್ಟ ಗಪ್ಪಿ ಮೀನುಗಳು ಈಗ ನೂರಾರು ಆಗಿವೆ. ಅವುಗಳ ಮೂಲ ದಕ್ಷಿಣ ಅಮೆರಿಕ.

"ಮಳೆಗಾಲದಲ್ಲಿ ಈ ಬಾವಿ ಉಕ್ಕುತ್ತಾ?"

ಉಕ್ಕುತ್ತದೆ. ನೀರು ಹಿತ್ತಲಿನ ತೋಡಿಗೆ ಹೋಗುತ್ತದೆ, ತೋಡು ಹೊಳೆಗೆ. ಜುಲೈಯಲ್ಲಿ ತೋಡಿನಲ್ಲಿ ಗಪ್ಪಿ ಕಂಡಿದ್ದೆ, ಚೆಂದ ಇದೆ ಅಂತ ನೋಡುತ್ತ ನಿಂತಿದ್ದೆ. ಮರುದಿನ ಮಲ್ಪೆಯಿಂದ ಸಣ್ಣ ಕಣ್ಣಿನ ಬಲೆಯ ಒಂದು ತುಂಡು ತಂದೆ. ಬಾವಿಯ ನೀರು ಹೊರಗೆ ಹೋಗುವ ಕಿಂಡಿಯ ಅಗಲ ಅಳೆದು, ಇಬ್ಬರೂ ಸೇರಿ ಕಟ್ಟಿದೆವು.